ಕತ್ತಲೆಕೋಣೆಯಿಂದ ಕೃತಕ ಬುದ್ಧಿಮತ್ತೆಯವರೆಗೆ: ಹಸ್ತಪ್ರತಿಯ ಛಾಯಾಚಿತ್ರವೂ ಪಾಠದ ಪ್ರಾಮಾಣ್ಯವೂ

ಗ್ರಂಥಸಂಪಾದನ ಕಾರ್ಯದಲ್ಲಿ ತೊಡಗಿದವರಿಗೆ ಛಾಯಾಚಿತ್ರವು ಇಂದು ಕಂಟ, ಮಸಿಗಳಷ್ಟೇ ನಿತ್ಯದ ಉಪಕರಣವಾಗಿದೆ. ಮೂಲದ ಓಲೆಕಟ್ಟನ್ನು ಬಿಚ್ಚಿ ನೋಡುವ ಅವಕಾಶವಿಲ್ಲದೆ, ಅದರ ಚಿತ್ರಗಳನ್ನೇ ಮುಂದಿಟ್ಟುಕೊಂಡು ಪಾಠನಿರ್ಣಯ ಮಾಡುವುದು ಈಗ ಸಾಮಾನ್ಯ. ಆದರೆ ಆ ಚಿತ್ರವು ಯಾವ ಬಗೆಯ ಸಾಕ್ಷಿ, ಅದರ ಪ್ರಾಮಾಣ್ಯ ಎಷ್ಟು ಎಂಬ ವಿಚಾರವನ್ನು ನಮ್ಮ ಸಂಪಾದಕರು ಅಷ್ಟಾಗಿ ಕೈಗೆತ್ತಿಕೊಂಡಂತೆ ಕಾಣುವುದಿಲ್ಲ. ಕತ್ತಲೆಕೋಣೆಯಲ್ಲಿ ರಾಸಾಯನಿಕ ದ್ರವಗಳಿಂದ ಚಿತ್ರ ತೆಗೆಯುತ್ತಿದ್ದ ಕಾಲಕ್ಕೆ ಈ ಉದಾಸೀನತೆಯಿಂದ ಹೆಚ್ಚಿನ ಹಾನಿಯಾಗಲಿಲ್ಲ. ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಹಾಗೆ ಹೇಳಲು ಬರುವುದಿಲ್ಲ. ಇದಕ್ಕೆ ಕಾರಣವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿದ್ವಾಂಸರಿಗೆ ಪರಿಚಿತವಾದ ಒಂದು ಪ್ರಸಂಗವನ್ನು ಮೊದಲು ನೆನೆಯಬಹುದು. ಷಟ್ಖಂಡಾಗಮದ ಧವಳಾ ಟೀಕೆಯ ಪ್ರಾಚೀನ ಓಲೆಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ನಕಲು ಕಾರ್ಯ ಆರಂಭವಾಗಿ ಸುಮಾರು ಕಾಲು ಶತಮಾನ ನಡೆಯಿತು. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿಯ ನೆರವಿನಿಂದ ಮಾಡಿಕೊಂಡ ಕನ್ನಡ ಪ್ರತಿಯು ಉತ್ತರದ ಸಹಾರನಪುರವನ್ನು ಸೇರಿ, ಅಲ್ಲಿ ನಾಗರಿಗೆ ಇಳಿದು, ಆ ನಾಗರಿ ಪ್ರತಿಯ ಪ್ರತಿಗಳು ಅಮರಾವತಿ, ಆರಾ, ಕಾರಂಜಾ ಮೊದಲಾದೆಡೆಗಳಿಗೆ ಹರಡಿದವು. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಪ್ರಕಟವಾದಾಗ ಸಂಪಾದಕರ ಕೈಯಲ್ಲಿದ್ದುದು ಇಂತಹ ಪ್ರತಿಯ ಪ್ರತಿಯ ಪ್ರತಿಗಳೇ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ, ಮನುಷ್ಯಿನಿಯರ ಗುಣಸ್ಥಾನಗಳನ್ನು ಹೇಳುವಲ್ಲಿ, ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಚರ್ಚೆಯನ್ನು ಗಮನಿಸಿದ ಸಂಪಾದಕರು ಈ ಪದ ಬಿಟ್ಟುಹೋಗಿರುವಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಅನಂತರ ನಡೆದ ವಾದವಿವಾದಗಳ ತೀವ್ರತೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ದ್ರವ್ಯಸ್ತ್ರೀ-ಭಾವಸ್ತ್ರೀ ವಿಚಾರದ ಇಡೀ ಭಾರ ಆ ಮೂರಕ್ಷರಗಳ ಮೇಲೆ ಬಿದ್ದಿತು. ಕೊನೆಗೆ ಮೂಡುಬಿದಿರೆಯ ಓಲೆಗಳನ್ನು ನೋಡಿಸಲಾಗಿ ಪದವು ಅಲ್ಲಿ ಇದ್ದೇ ಇದ್ದಿತು.

ಸಿದ್ಧಾಂತದ ಅರ್ಥನಿರ್ಣಯ ಈ ಲೇಖನದ ವಿಷಯವಲ್ಲ. ಲಿಪಿಕಾರನ ಕೈಯಲ್ಲಿ ಪಾಠಕ್ಕೆ ಏನಾಗುತ್ತದೆ ಎಂಬುದಷ್ಟೇ ನಮಗೆ ಬೇಕಾದುದು. ಲಿಪಿಕಾರನು ಓದುಬಲ್ಲವನು, ಅಕ್ಷರವನ್ನು ಗುರುತಿಸಿ, ಮನಸ್ಸಿನಲ್ಲಿ ಉಚ್ಚರಿಸಿ, ಮತ್ತೆ ಬರೆಯುವವನು. ಓದುಬಲ್ಲವನಾದ್ದರಿಂದಲೇ ಅವನು ತಪ್ಪಬಲ್ಲ. ಪರಿಚಿತ ಪದವು ಅಪರಿಚಿತ ಪದವನ್ನು ತಳ್ಳಿಹಾಕುತ್ತದೆ. ಸಮಾನಾಂತ್ಯದ ಎರಡು ಸಾಲುಗಳ ನಡುವಿನದು ಬಿಟ್ಟುಹೋಗುತ್ತದೆ. ಅರ್ಥವಾಗದ ರೂಪವು ಅರ್ಥವಾಗುವ ರೂಪಕ್ಕೆ ತಿರುಗುತ್ತದೆ. ಛಾಯಾಚಿತ್ರದ ದೊಡ್ಡ ಗುಣವೆಂದರೆ ಅದಕ್ಕೆ ಓದಲು ಬಾರದು. ಬೆಳಕು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದಷ್ಟೇ ಅದಕ್ಕೆ ಗೊತ್ತು. ಹುಳು ತಿಂದ ತೂತು, ಓಲೆಯ ನಾರು, ಬೆರಳಿನ ಕಲೆ, ಅಕ್ಷರ ಎಲ್ಲವೂ ಅದಕ್ಕೆ ಒಂದೇ. ಈ ಅಜ್ಞಾನವೇ ಸಂಪಾದಕನಿಗೆ ಅದು ಕೊಡುವ ಭರವಸೆ. ಹಳೆಯ ಕತ್ತಲೆಕೋಣೆಯಿಂದ ಇಂದಿನವರೆಗೆ ತಂತ್ರವು ಬದಲಾಗುತ್ತ ಬಂದ ಬಗೆಯನ್ನು ನೋಡುವಾಗ ಈ ಒಂದು ಅಂಶವನ್ನು ಕೈಬಿಡಬಾರದು.

ಛಾಯಾಗ್ರಹಣವು 1839ರಲ್ಲಿ ಯೂರೋಪಿನಲ್ಲಿ ಪ್ರಕಟವಾದ ವಿದ್ಯೆ. ಕನ್ನಡನಾಡಿನ ಪ್ರಾಚೀನ ಅವಶೇಷಗಳಿಗೆ ಅದು ತಲಪಲು ಹೆಚ್ಚು ಕಾಲ ಹಿಡಿಯಲಿಲ್ಲ. 1855ರಲ್ಲಿ ಬೊಂಬಾಯಿ ಸರ್ಕಾರವು ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ಈ ಕೆಲಸಕ್ಕೆ ನೇಮಿಸಿತು. ಅವನೂ, ಪಿಗೌ ಮತ್ತು ನೀಲ್ ಎಂಬ ವೈದ್ಯರಿಬ್ಬರೂ ತೆಗೆದ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುವನ್ನು ಕುರಿತ ಗ್ರಂಥವಾಗಿ ಹೊರಬಂದವು. ಮೇಡೋಸ್ ಟೇಲರನೂ ಫರ್ಗುಸನ್ನನೂ ಅದಕ್ಕೆ ವಿವರಣೆ ಬರೆದರು. ದೇವಾಲಯಗಳ ಮಟ್ಟಿಗೆ ಇದು ಸರಿ. ಶಾಸನಗಳ ಮಟ್ಟಿಗೆ ಮಾತ್ರ ಛಾಯಾಚಿತ್ರಕ್ಕಿಂತ ಕಾಗದದ ಪಡಿಯಚ್ಚೇ ಬಹುಕಾಲ ಮೇಲುಗೈಯಾಗಿತ್ತು. ಕಲ್ಲಿನ ಮೇಲೆ ನೆನೆದ ಕಾಗದವನ್ನು ಹಾಸಿ, ಕುಂಚದಿಂದ ತಟ್ಟಿ, ಮಸಿ ಲೇಪಿಸಿದರೆ ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇದೂ ಛಾಯಾಚಿತ್ರದಂತೆ ಓದು ಬಾರದ ಸಾಕ್ಷಿ.

ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ಣಾಟಿಕದ ಒಂಬತ್ತನೆಯ ಸಂಪುಟವನ್ನು 1905ರಲ್ಲಿ ಹೊರತಂದರು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳೆಲ್ಲ ಅದರಲ್ಲಿವೆ. ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ಕಲ್ಬರಹಗಳನ್ನು ಅರಸುವವರು ಮೊದಲು ತೆರೆಯುವ ಪುಸ್ತಕ ಇಂದಿಗೂ ಅದೇ. ಚನ್ನಪಟ್ಟಣ ತಾಲೂಕಿನ ವಿರೂಪಾಕ್ಷಿಪುರ ಹೋಬಳಿಯ ಹಳ್ಳಿಗಳಲ್ಲಿ ಹೊಲದ ಬದುವಿನಲ್ಲೋ ಗುಡಿಯ ಮಗ್ಗುಲಲ್ಲೋ ಬರೆಹವಿರುವ ಕಲ್ಲೊಂದನ್ನು ಕಂಡವರು, ಅದು ಈಗಾಗಲೇ ದಾಖಲಾದುದೇ ಅಲ್ಲವೇ ಎಂಬುದನ್ನು ಈ ಸಂಪುಟದೊಡನೆ ತಾಳೆನೋಡಿಯೇ ತಿಳಿಯಬೇಕು. ಆದರೆ ಆ ಸಂಪುಟದಲ್ಲಿ ಬಹುಪಾಲು ಶಾಸನಗಳಿಗೆ ಅಚ್ಚಾದ ಪಾಠ ಉಂಟೇ ಹೊರತು ಚಿತ್ರವಿಲ್ಲ. ಕಲ್ಲು ಕಳೆದುಹೋದಲ್ಲಿ ಓದಿದವರ ಓದನ್ನು ನಂಬುವುದಲ್ಲದೆ ಗತ್ಯಂತರವಿಲ್ಲ. ಚಿತ್ರ ತೆಗೆದ ಕಡೆಗಳಲ್ಲಿಯೂ ಒಂದು ದುರಭ್ಯಾಸವಿತ್ತು: ಅಕ್ಷರ ಎದ್ದು ಕಾಣಲೆಂದು ಕೊರೆತದಲ್ಲಿ ಸುಣ್ಣವನ್ನೋ ಸೀಮೆಸುಣ್ಣವನ್ನೋ ತುಂಬಿ ಚಿತ್ರ ತೆಗೆಯುವುದು. ಅಂತಹ ಚಿತ್ರದಲ್ಲಿ ಕಾಣುವುದು ಸುಣ್ಣ ತುಂಬಿದವನು ಓದಿಕೊಂಡ ಪಾಠ. ಸವೆದ ಅಕ್ಷರವನ್ನು ಅವನು ತನಗೆ ತೋಚಿದಂತೆ ತುಂಬಿದರೆ, ಕ್ಯಾಮರಾ ಅದನ್ನೇ ಪ್ರಾಮಾಣಿಕವಾಗಿ ದಾಖಲಿಸುತ್ತದೆ. ಮುಂದೆ ಹೇಳಲಿರುವ ಇಂದಿನ ಸಮಸ್ಯೆಯ ಬೀಜ ಇಲ್ಲಿಯೇ ಇದೆ.

ಈಗ ಓಲೆಯ ವಿಷಯ. ತಾಡಪತ್ರವನ್ನು ಚಿತ್ರಿಸುವುದು ಕಾಗದದ ಪ್ರತಿಯನ್ನು ಚಿತ್ರಿಸಿದಷ್ಟು ಸುಲಭವಲ್ಲ. ದಕ್ಷಿಣದ ಓಲೆಗಳಲ್ಲಿ ಬಹುಪಾಲು ಕಂಟದಿಂದ ಕೊರೆದವು. ಕೊರೆತದಲ್ಲಿ ಕಾಡಿಗೆ ಕೂರಿಸಿದರೆ ಮಾತ್ರ ಅಕ್ಷರ ಕಾಣುತ್ತದೆ. ಮೂಡುಬಿದಿರೆಯ ಧವಳಾ ಓಲೆಗಳಂತೆ ಮಸಿಯಿಂದ ಬರೆದವು ವಿರಳ. ವಯಸ್ಸಾದ ಓಲೆ ಹಳದಿಯಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ತಿರುಗುತ್ತದೆ. ಹಳೆಯ ಗಾಜಿನ ಫಲಕಗಳ ಮೇಲೆ ಲೇಪಿಸುತ್ತಿದ್ದ ಬೆಳ್ಳಿಯ ಲವಣವು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿತ್ತು. ಹಳದಿಯೂ ಕೆಂಪೂ ಅದಕ್ಕೆ ಕತ್ತಲೆಯೇ. ಆದಕಾರಣ ಆ ಫಲಕದಲ್ಲಿ ಓಲೆಯೂ ಕಪ್ಪು, ಅಕ್ಷರವೂ ಕಪ್ಪು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲ್ಮು ಬಂದು, ಅದರ ಮುಂದೆ ಕಿತ್ತಳೆ ಅಥವಾ ಕೆಂಪು ಗಾಜಿನ ಸೋಸುಕವನ್ನು ಇಡತೊಡಗಿದ ಮೇಲೆ ಓಲೆಯ ಹಳದಿ ತಿಳಿಯಾಗಿ, ಕಾಡಿಗೆಯ ಅಕ್ಷರ ಕಪ್ಪಾಗಿಯೇ ಉಳಿಯಿತು. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಈ ಭೇದ ಇನ್ನೂ ಹೆಚ್ಚುತ್ತದೆ. ಏಕೆಂದರೆ ಕಾಡಿಗೆಯ ಇಂಗಾಲವು ಆ ಬೆಳಕನ್ನೂ ನುಂಗುತ್ತದೆ, ಕಂದಿದ ಓಲೆ ಅದನ್ನು ಹಿಂದಕ್ಕೆ ಕಳುಹಿಸುತ್ತದೆ. ಚಿತ್ರಗಳಿರುವ ಓಲೆಗಳಿಗೆ ಮಾತ್ರ ಈ ವಿಧಾನವೊಂದೇ ಸಾಲದು. ಕೆಂಪು ಬಣ್ಣದ ಭಾಗಗಳು ಅವಕೆಂಪಿನಲ್ಲಿ ತೆಳುವಾಗಿ ಮಾಯವಾಗುತ್ತವೆ.

ಕತ್ತಲೆಕೋಣೆಯ ಕ್ರಮ ತಿಳಿದವರು ಈಗ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಎರಡು ಮಾತು. ಸರೇಸಿನಂತಹ ಜಿಲೆಟಿನ್ನಿನಲ್ಲಿ ಬೆಳ್ಳಿಯ ಬ್ರೋಮೈಡಿನ ಕಣಗಳು ಹುದುಗಿರುತ್ತವೆ. ಬೆಳಕು ತಾಕಿದ ಕಣದಲ್ಲಿ ಕಣ್ಣಿಗೆ ಕಾಣದ ಅಲ್ಪ ವ್ಯತ್ಯಾಸವಾಗುತ್ತದೆ. ಉದ್ಭಾವಕ ದ್ರವದಲ್ಲಿ ಅದ್ದಿದಾಗ ಆ ಕಣಗಳು ಮಾತ್ರ ಕರಿಯ ಬೆಳ್ಳಿಯಾಗಿ ನಿಲ್ಲುತ್ತವೆ; ಉಳಿದುದನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಹೀಗಾದ ನೆಗೆಟಿವಿನಲ್ಲಿ ಬೆಳಕು ಕತ್ತಲೆಗಳು ತಲೆಕೆಳಗಾಗಿರುತ್ತವೆ. ಕಾಗದದ ಮೇಲೆ ಮತ್ತೊಮ್ಮೆ ಮೂಡಿಸಿದಾಗ ಸರಿಹೋಗುತ್ತವೆ. ಇಲ್ಲಿಯೂ ಮನುಷ್ಯನ ಕೈವಾಡಕ್ಕೆ ಎಡೆಯುಂಟು. ಮುದ್ರಣಕಾಲದಲ್ಲಿ ಒಂದು ಭಾಗಕ್ಕೆ ಬೆಳಕನ್ನು ಕೈಯಿಂದ ತಡೆಯಬಹುದು, ಇನ್ನೊಂದಕ್ಕೆ ಹೆಚ್ಚು ಕೊಡಬಹುದು. ಅತಿ ಗಡುಸಾದ ಕಾಗದದ ಮೇಲೆ ಮೂಡಿಸಿದರೆ ಅಕ್ಷರ ಸ್ಫುಟವಾಗುತ್ತದೆ; ಮಸಕಾದ ಗೀಟುಗಳು ಅಳಿಸಿಹೋಗುತ್ತವೆ. ಸಣ್ಣ ಕುಂಚದಿಂದ ನೆಗೆಟಿವನ್ನು ತಿದ್ದುವವರೂ ಇದ್ದರು. ಆದರೆ ಕುಂಚದ ಗುರುತು ನೆಗೆಟಿವಿನ ಮೇಲೆ ಉಳಿಯುತ್ತಿತ್ತು. ಸಂದೇಹ ಬಂದವನು ಅದನ್ನು ಬೆಳಕಿಗೆ ಹಿಡಿದು ಪರೀಕ್ಷಿಸಬಹುದಾಗಿತ್ತು. ಮೂಲದ ಓಲೆಗೂ ಮುದ್ರಿತ ಚಿತ್ರಕ್ಕೂ ನಡುವೆ ಮೂರನೆಯದೊಂದು ಸಾಕ್ಷಿ ಇತ್ತೆಂದು ತಾತ್ಪರ್ಯ.

ಮೈಕ್ರೋಫಿಲ್ಮಿನ ವಿಚಾರ ಹೆಚ್ಚು ಹೇಳಬೇಕಾದುದಿಲ್ಲ. 35 ಮಿಲಿಮೀಟರಿನ ಸುರುಳಿಯಲ್ಲಿ ನೂರಾರು ಗರಿಗಳು ಅಡಕವಾದವು. ದೂರದ ವಿದ್ವಾಂಸರಿಗೆ ಪ್ರತಿ ಸಿಕ್ಕುವಂತಾಯಿತು. ಆದರೆ ಉದ್ದವಾದ ಓಲೆಯನ್ನು ಒಂದೇ ಚೌಕಟ್ಟಿಗೆ ತುರುಕಿದ ಕಡೆ ಅಕ್ಷರ ಅತಿಸೂಕ್ಷ್ಮವಾಗಿ, ಸೊನ್ನೆಗೂ ಧೂಳಿನ ಕಣಕ್ಕೂ ಭೇದ ತಿಳಿಯದಾಯಿತು. ಅಸಿಟೇಟಿನ ಫಿಲ್ಮುಗಳು ನಮ್ಮ ತೇವದ ಹವೆಯಲ್ಲಿ ಹುಳಿವಾಸನೆ ಹಿಡಿದು ಸುಕ್ಕುಗಟ್ಟುತ್ತವೆ. ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಈಗ ತಯಾರಾಗುವುದಿಲ್ಲ. ಭಂಡಾರಗಳಲ್ಲಿ ಹಳೆಯ ಸುರುಳಿಗಳಿದ್ದರೆ ಅವನ್ನು ಎಸೆಯದೆ, ತಂಪಾದ ಒಣ ಜಾಗದಲ್ಲಿಟ್ಟು, ಕೂಡಲೇ ಅಂಕೀಯ ರೂಪಕ್ಕೆ ಇಳಿಸಿಕೊಳ್ಳುವುದು ಯುಕ್ತ. ಚಿತ್ರ ತೆಗೆದ ಅನಂತರ ಓಲೆ ಮುರಿದಿದ್ದರೆ, ಆ ಮುರಿದ ಭಾಗದ ಪಾಠ ಸುರುಳಿಯಲ್ಲಿ ಮಾತ್ರ ಉಳಿದಿರಬಹುದು.

1975ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ಇಂಜಿನಿಯರು ಫಿಲ್ಮಿಲ್ಲದ ಮೊದಲ ಕ್ಯಾಮರಾವನ್ನು ಜೋಡಿಸಿದನು. ಅದರ ಚಿತ್ರ ಅಡ್ಡಕ್ಕೆ 100, ಉದ್ದಕ್ಕೆ 100 ಚುಕ್ಕೆಗಳಷ್ಟು. ಒಂದು ಚಿತ್ರವನ್ನು ಟೇಪಿಗೆ ಬರೆಯಲು 23 ಸೆಕೆಂಡು ಬೇಕಾಗುತ್ತಿತ್ತು. ಇಂದಿನ ಅಂಕೀಯ ಕ್ಯಾಮರಾದಲ್ಲಿ ಬೆಳ್ಳಿಯ ಕಣಗಳ ಸ್ಥಾನದಲ್ಲಿ ಸಿಲಿಕಾನಿನ ಕೋಟ್ಯಂತರ ಸೂಕ್ಷ್ಮ ಕೋಶಗಳಿವೆ. ಒಂದು ಸಂಗತಿ ವಿದ್ವಾಂಸರ ಗಮನಕ್ಕೆ ಬಂದಿರಲಾರದು. ಈ ಕೋಶಗಳು ಬಣ್ಣವನ್ನು ಕಾಣವು. ಪ್ರತಿಯೊಂದರ ಮೇಲೂ ಕೆಂಪು, ಹಸುರು, ನೀಲಿ ಈ ಮೂರರಲ್ಲಿ ಒಂದು ಸೋಸುಕವಿರುತ್ತದೆ. ಆಯಾ ಕೋಶ ತನ್ನ ಒಂದು ಬಣ್ಣವನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ನೆರೆಯ ಕೋಶಗಳಿಂದ ಲೆಕ್ಕಹಾಕಿ ತುಂಬಲಾಗುತ್ತದೆ. ಅಂದರೆ ಸಾಧಾರಣ ಅಂಕೀಯ ಚಿತ್ರದ ಬಣ್ಣದ ಮೌಲ್ಯಗಳಲ್ಲಿ ಮೂರರಲ್ಲಿ ಎರಡು ಪಾಲು ಅಳೆದುದಲ್ಲ, ಊಹಿಸಿದುದು. ಆದರೆ ಈ ಊಹೆ ಪಕ್ಕದ ಕೋಶಗಳನ್ನು ಮೀರಿ ಹೋಗುವುದಿಲ್ಲ. ಅದಕ್ಕೆ ಅಕ್ಷರದ ಜ್ಞಾನವಿಲ್ಲ. ಹೀಗಾಗಿ ಪಾಠದ ದೃಷ್ಟಿಯಿಂದ ಇದು ನಿರ್ದೋಷಿ ಎನ್ನಬಹುದು.

ಅಂಕೀಯ ವಿಧಾನ ಕನ್ನಡನಾಡಿನ ಓಲೆಗಳಿಗೆ ಎಷ್ಟು ಉಪಕಾರ ಮಾಡಬಲ್ಲುದೆಂಬುದಕ್ಕೆ ಉಡುಪಿಯ ಉದಾಹರಣೆ ಇದೆ. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಪ್ರಾಚೀನ ಓಲೆಗಳು ಕಪ್ಪುಗಟ್ಟಿ, ಅಂಚು ಮುರಿದು ಓದಲಾಗದ ಸ್ಥಿತಿಯಲ್ಲಿದ್ದವು. ಅಮೆರಿಕದ ರಾಚೆಸ್ಟರ್ ತಂತ್ರವಿದ್ಯಾ ಸಂಸ್ಥೆಯ ಪ್ರಾಧ್ಯಾಪಕ ಪಿ. ಆರ್. ಮುಕುಂದ್ ಮತ್ತು ಸಂಗಡಿಗರು 2006ರ ಸುಮಾರಿಗೆ ಅವುಗಳನ್ನು ಅವಕೆಂಪು ಸೋಸುಕವಿಟ್ಟು ಚಿತ್ರಿಸಿದರು. ಒಂದೊಂದು ಓಲೆಯ ಒಂದೊಂದು ಮಗ್ಗುಲನ್ನು ಎಂಟು ಹತ್ತು ತುಂಡುಗಳಾಗಿ ತೆಗೆದು, ಗಣಕದಲ್ಲಿ ಹೊಲಿದು, ಅಕ್ಷರಕ್ಕೂ ಹಿನ್ನೆಲೆಗೂ ಇರುವ ಭೇದವನ್ನು ಹಿಗ್ಗಿಸಿದರು. ಇಲ್ಲಿ ನಡೆದುದು ಇರುವುದನ್ನು ಹಿಗ್ಗಿಸುವ ಕೆಲಸ, ಇಲ್ಲದುದನ್ನು ತುಂಬುವ ಕೆಲಸವಲ್ಲ. ಈ ಭೇದವನ್ನು ಓದುಗರು ಮನಸ್ಸಿನಲ್ಲಿಡಬೇಕು.

ಶಾಸನಗಳ ಕ್ಷೇತ್ರದಲ್ಲಿಯೂ ಇದಕ್ಕೆ ಸಮನಾದ ಕೆಲಸ ನಮ್ಮ ಹತ್ತಿರದಲ್ಲೇ ನಡೆದಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರು ಮತ್ತು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಯೋಜನೆಯನ್ನು ಆರಂಭಿಸಿತು. ರೈಸರ ಒಂಬತ್ತನೆಯ ಸಂಪುಟದ ಕ್ಷೇತ್ರವನ್ನೇ ಇದು ಹೊಸ ಉಪಕರಣದಿಂದ ಮತ್ತೆ ನಡೆದು ನೋಡುವ ಪ್ರಯತ್ನವೆನ್ನಬಹುದು. ಆ ಹಳೆಯ ಜಿಲ್ಲೆ ಈಗ ಒಡೆದು ಹಲವಾಗಿದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಬೇರ್ಪಟ್ಟ ಚನ್ನಪಟ್ಟಣ, ಕನಕಪುರ, ಮಾಗಡಿ ಭಾಗಗಳಿಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಬಂದಿತು. ಈ ವಿಧಾನದಲ್ಲಿ ಉಪಕರಣವು ಕಲ್ಲಿನ ಮೇಲೆ ಬೆಳಕನ್ನು ಚೆಲ್ಲಿ, ಕೊರೆತದ ಆಳವನ್ನು ಬಿಂದುಬಿಂದುವಾಗಿ ಅಳೆಯುತ್ತದೆ. ಆಮೇಲೆ ಗಣಕದಲ್ಲಿ ಯಾವ ದಿಕ್ಕಿನಿಂದ ಬೇಕಾದರೂ ಓರೆಬೆಳಕು ಬೀಳಿಸಿ ನೋಡಬಹುದು. ಸುಣ್ಣ ತುಂಬುವ ಅಗತ್ಯವೇ ಇಲ್ಲ. ಚನ್ನಪಟ್ಟಣದ ನೆರೆಯ ಮದ್ದೂರು ತಾಲೂಕಿನ ಅರೆತಿಪ್ಪೂರಿನಂತಹ ಜೈನ ಕ್ಷೇತ್ರಗಳಲ್ಲಿ ಮಳೆಬಿಸಿಲಿಗೆ ಸವೆಯುತ್ತಿರುವ ಬರೆಹಗಳಿಗೂ ಬಸದಿಯ ಅವಶೇಷಗಳಿಗೂ ಈ ಕ್ರಮ ಅತ್ಯಂತ ಉಪಯುಕ್ತ. ಕೊರೆದ ಓಲೆಗೂ ಇದು ಸಲ್ಲುತ್ತದೆ: ಕಾಡಿಗೆ ಉದುರಿಹೋದ ಓಲೆಗೆ ಮತ್ತೆ ಎಣ್ಣೆಕಾಡಿಗೆ ಹಚ್ಚುವ ಮೊದಲು ಓರೆಬೆಳಕಿನಲ್ಲಿ ಒಮ್ಮೆ ಚಿತ್ರಿಸಿಕೊಂಡರೆ, ಹಚ್ಚುವವನು ಬಿರುಕಿಗೂ ಕಾಡಿಗೆ ತುಂಬಿ ಅದನ್ನು ಗೀಟಾಗಿಸಿದಲ್ಲಿ ತಿಳಿಯಲು ಸಾಧನವಿರುತ್ತದೆ.

ಇಷ್ಟರವರೆಗೆ ಹೇಳಿದ ತಂತ್ರಗಳೆಲ್ಲವೂ, ಪಡಿಯಚ್ಚಿನಿಂದ ಮೂರಾಯಾಮದ ಅಳತೆಯವರೆಗೆ, ಓದು ಬಾರದವು. ಕೃತಕ ಬುದ್ಧಿಮತ್ತೆ ಈ ಸಾಲಿನದಲ್ಲ. ಅದರ ಕೆಲಸದ ರೀತಿ ಹೀಗೆ: ಲಕ್ಷಾಂತರ ಚಿತ್ರಗಳನ್ನು ಯಂತ್ರಕ್ಕೆ ತೋರಿಸಲಾಗುತ್ತದೆ. ಒಳ್ಳೆಯ ಚಿತ್ರವನ್ನು ಬೇಕೆಂದೇ ಮಸಕು ಮಾಡಿ, ಮಸಕಿನಿಂದ ಮೂಲವನ್ನು ಊಹಿಸುವಂತೆ ಅದನ್ನು ಪಳಗಿಸಲಾಗುತ್ತದೆ. ಊಹೆ ತಪ್ಪಿದಾಗಲೆಲ್ಲ ಅದರ ಒಳಗಿನ ಸಂಖ್ಯೆಗಳನ್ನು ಅಲ್ಪಸ್ವಲ್ಪ ಹೊಂದಿಸುತ್ತ ಹೋದರೆ, ಕೊನೆಗೆ ಹಿಂದೆಂದೂ ಕಾಣದ ಮಸಕು ಚಿತ್ರವನ್ನು ಕೊಟ್ಟರೂ ಅದು ಸ್ಫುಟವಾದ ಚಿತ್ರವನ್ನು ಹಿಂತಿರುಗಿಸುತ್ತದೆ. ಆ ಸ್ಫುಟತೆ ಎಲ್ಲಿಂದ ಬಂದಿತು? ಕೊಟ್ಟ ಚಿತ್ರದಿಂದ ಅಲ್ಲ. ಹಿಂದೆ ಕಂಡ ಚಿತ್ರಗಳ ಸಂಸ್ಕಾರದಿಂದ. 2023ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ದೂರವಾಣಿ ಕ್ಯಾಮರಾವನ್ನು ಒಬ್ಬರು ಹೀಗೆ ಪರೀಕ್ಷಿಸಿದರು: ಚಂದ್ರನ ಚಿತ್ರವನ್ನು ಬೇಕೆಂದೇ ಮಬ್ಬುಮಾಡಿ, ಗಣಕದ ಪರದೆಯ ಮೇಲಿಟ್ಟು, ದೂರದಿಂದ ತೆಗೆದರು. ಪರದೆಯ ಮೇಲೆ ಇಲ್ಲದ ವಿವರಗಳು ತೆಗೆದ ಚಿತ್ರದಲ್ಲಿ ಕಾಣಿಸಿಕೊಂಡವು. ಯಂತ್ರವು ಚಂದ್ರನನ್ನು ಬಲ್ಲುದಾದ್ದರಿಂದ ಚಂದ್ರನನ್ನು ಬರೆದುಕೊಟ್ಟಿತು.

ಚಂದ್ರನ ಮುಖ ಒಂದೇ ಆದ್ದರಿಂದ ಅಲ್ಲಿ ಹಾನಿ ಕಡಿಮೆ. ಬರೆಹದಲ್ಲಿ ಹಾಗಲ್ಲ. ಕೃತಕ ಬುದ್ಧಿಮತ್ತೆ ಬಳಕೆಗೆ ಬರುವ ಮೊದಲೇ, 2013ರಲ್ಲಿ, ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕತಜ್ಞನು ಝೆರಾಕ್ಸ್ ಸಂಸ್ಥೆಯ ಕೆಲವು ಯಂತ್ರಗಳಲ್ಲಿ ಒಂದು ದೋಷವನ್ನು ಬಯಲಿಗೆ ತಂದನು. ಜಾಗ ಉಳಿಸಲೆಂದು ಯಂತ್ರವು ಒಂದೇ ಬಗೆಯಾಗಿ ಕಾಣುವ ಅಕ್ಷರಗಳನ್ನು ಒಂದೇ ಸಲ ನೆನಪಿಟ್ಟುಕೊಂಡು ಎಲ್ಲೆಡೆ ಅದನ್ನೇ ಒತ್ತುತ್ತಿತ್ತು. ಪರಿಣಾಮವಾಗಿ ನಕಲಿನಲ್ಲಿ 6 ಎಂಬ ಅಂಕಿ 8 ಆಯಿತು. ಆ 8 ಮಸಕಾಗಿರಲಿಲ್ಲ, ಅತ್ಯಂತ ಸ್ಫುಟವಾಗಿದ್ದಿತು. ಹಳೆಯ ಛಾಯಾಚಿತ್ರ ಸೋತಾಗ ಮಸಕಾಗಿ ಸೋಲುತ್ತಿತ್ತು, ಸಂಪಾದಕನು ‘ಇಲ್ಲಿ ಅಕ್ಷರ ಅಸ್ಪಷ್ಟ’ ಎಂದು ಗುರುತು ಹಾಕುತ್ತಿದ್ದನು. ಈ ಹೊಸ ಬಗೆಯ ಸೋಲು ಸ್ಪಷ್ಟವಾಗಿಯೇ ಇರುತ್ತದೆ. ಆದ್ದರಿಂದ ಯಾರೂ ಗುರುತು ಹಾಕುವುದಿಲ್ಲ. ನಮ್ಮ ಓಲೆಗಳ ಪ, ಷಗಳು, ಮ, ವಗಳು, ದ, ಧಗಳು ಎಷ್ಟು ಸಮೀಪ ಎಂಬುದನ್ನು ಬಲ್ಲವರು ಇದರ ಪರಿಣಾಮವನ್ನು ಊಹಿಸಿಕೊಳ್ಳಬಹುದು.

ಪ್ರಾಕೃತ ಗ್ರಂಥಗಳ ಕನ್ನಡ ಓಲೆಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಅಪಾಯವಿದೆ. ವ್ಯಂಜನದ ಹಿಂದೆ ಸೊನ್ನೆಯನ್ನಿಟ್ಟು ಅದರ ದ್ವಿತ್ವವನ್ನು ಸೂಚಿಸುವ ಪದ್ಧತಿ ನಮ್ಮ ಲಿಪಿಕಾರರಲ್ಲಿ ಬಹುಕಾಲ ಇದ್ದಿತು. ‘ಧಂಮ’ ಎಂದು ಬರೆದುದನ್ನು ‘ಧಮ್ಮ’ ಎಂದು ಓದಬೇಕು. ಅನುಸ್ವಾರವಿರುವ ಸೊನ್ನೆಯೂ ದ್ವಿತ್ವದ ಸೊನ್ನೆಯೂ ನೋಟಕ್ಕೆ ಒಂದೇ. ಇವೆರಡರೊಡನೆ ಮೂರನೆಯದೊಂದು ಸೊನ್ನೆ ಸೇರುತ್ತದೆ: ಹುಳು ಕೊರೆದ ತೂತು. ಕಪ್ಪು ಬಟ್ಟೆಯ ಮೇಲಿಟ್ಟು ಚಿತ್ರಿಸಿದ ಓಲೆಯಲ್ಲಿ ತೂತು ಕಪ್ಪು ಚುಕ್ಕೆಯಾಗಿ ಕಂಡು ಸೊನ್ನೆಯೊಡನೆ ಬೆರೆಯುತ್ತದೆ. ಇದಕ್ಕೆ ಹಳೆಯ ಛಾಯಾಗ್ರಾಹಕರು ಕಂಡುಕೊಂಡ ಉಪಾಯ ಸರಳ. ಓಲೆಯಲ್ಲಾಗಲಿ ಮಸಿಯಲ್ಲಾಗಲಿ ಇಲ್ಲದ ಬಣ್ಣದ ಹಲಗೆಯನ್ನು ಹಿಂದೆ ಇಡುವುದು, ಅಥವಾ ಹಿಂದಿನಿಂದ ಬೆಳಕು ಬಿಟ್ಟು ಎರಡನೆಯ ಚಿತ್ರ ತೆಗೆಯುವುದು. ಆಗ ತೂತು ಬೆಳಗುತ್ತದೆ, ಸೊನ್ನೆ ಬೆಳಗುವುದಿಲ್ಲ. ಚಿತ್ರವನ್ನು ‘ಶುಚಿ’ ಮಾಡುವ ಇಂದಿನ ಸಾಧನಗಳಿಗೆ ಇಂತಹ ವಿವೇಕವಿಲ್ಲ. ಅವು ಚುಕ್ಕೆಗಳನ್ನು ಕಲೆಯೆಂದು ಬಗೆದು ಅಳಿಸುತ್ತವೆ. ಹಾಗೆ ಅಳಿಸುವಾಗ ಸೊನ್ನೆಯೂ ಹೋಗಬಹುದು. ಇಲ್ಲವೇ ಹೊಸಗನ್ನಡದ ಅಚ್ಚಿನ ಪುಸ್ತಕಗಳಿಂದ ಪಳಗಿದ ಯಂತ್ರವಾದರೆ, ಸೊನ್ನೆಯನ್ನು ಇಂದಿನ ಬರವಣಿಗೆಯಲ್ಲಿ ಅದು ಬರುವಲ್ಲಿ ಉಳಿಸಿ, ಬಾರದಲ್ಲಿ ತೆಗೆಯಬಹುದು. ಱ, ೞಗಳಿಗೂ ಇದೇ ಗತಿ.

ಈಗ ‘ಸಂಜದ’ ಪದದ ಪ್ರಸಂಗಕ್ಕೆ ಈ ಮಾತುಗಳನ್ನು ಅನ್ವಯಿಸಿ ನೋಡೋಣ. ಮುದ್ರಿತ ಸಂಪುಟಗಳಿಂದ ಪಳಗಿದ ಯಂತ್ರವೊಂದಕ್ಕೆ, ಆ ಸೂತ್ರವಿರುವ ಓಲೆಯ ಸವೆದ ಚಿತ್ರವನ್ನು ಕೊಟ್ಟೆವೆಂದು ಭಾವಿಸೋಣ. ಪದ ಬಿಟ್ಟ ಪಾಠವನ್ನು ಕಂಡು ಕಲಿತಿದ್ದರೆ ಅದು ಆ ಸ್ಥಳದ ಮಸಕು ಗೀಟುಗಳನ್ನು ಕಲೆಯೆಂದು ತೆಗೆದುಹಾಕುವ ಸಂಭವವಿದೆ. ಪದವಿರುವ ಪಾಠವನ್ನು ಕಂಡು ಕಲಿತಿದ್ದರೆ, ಓಲೆಯಲ್ಲಿ ಏನೂ ಇಲ್ಲದಿದ್ದರೂ ಪದವನ್ನು ಮೂಡಿಸುವ ಸಂಭವವೂ ಅಷ್ಟೇ ಇದೆ. ಎರಡೂ ಪಕ್ಷದವರು ತಮ್ಮ ತಮ್ಮ ಚಿತ್ರವನ್ನು ತೋರಿಸಿ ‘ಓಲೆಯಲ್ಲೇ ಹೀಗಿದೆ’ ಎನ್ನಬಹುದು. ಸಾಕ್ಷಿಯಾಗಬೇಕಾದುದು ವಾದವಾಗಿ ಮಾರ್ಪಡುತ್ತದೆ.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ಸಂಪಾದಕನೂ ತ್ರುಟಿತ ಪಾಠವನ್ನು ಊಹೆಯಿಂದ ತುಂಬುವುದಿಲ್ಲವೇ? ಸಾವಿರಾರು ಶಾಸನಗಳನ್ನು ಕಂಡ ಯಂತ್ರದ ಊಹೆ, ನೂರಾರನ್ನು ಕಂಡ ಪಂಡಿತನ ಊಹೆಗಿಂತ ಏಕೆ ಕೀಳು? ಈ ಪ್ರಶ್ನೆ ನ್ಯಾಯವಾದುದೇ. ಗ್ರೀಕ್ ಶಾಸನಗಳ ಲುಪ್ತಾಕ್ಷರಗಳನ್ನು ಊಹಿಸಲು ರಚಿಸಿದ ‘ಇಥಾಕಾ’ ಎಂಬ ವ್ಯವಸ್ಥೆಯ ವಿವರ 2022ರಲ್ಲಿ ಪ್ರಕಟವಾಯಿತು. ಯಂತ್ರವೊಂದೇ ತುಂಬಿದಾಗ ನೂರಕ್ಕೆ 62 ಭಾಗ ಸರಿಯಾಯಿತು; ಇತಿಹಾಸಜ್ಞರು ತಾವೇ ತುಂಬಿದಾಗ 25; ಯಂತ್ರದ ಸಲಹೆಗಳನ್ನು ನೋಡಿ ಇತಿಹಾಸಜ್ಞರು ನಿರ್ಣಯಿಸಿದಾಗ 72. ಆದರೆ ಇಲ್ಲಿ ಗಮನಿಸಬೇಕಾದುದು ಯಂತ್ರವು ಉತ್ತರ ಕೊಟ್ಟ ರೀತಿ. ಅದು ಕಲ್ಲಿನ ಚಿತ್ರವನ್ನು ತಿದ್ದಲಿಲ್ಲ. ಸಂಭಾವ್ಯ ಪಾಠಗಳನ್ನು, ಒಂದೊಂದರ ಸಂಭವದ ಪ್ರಮಾಣದೊಡನೆ, ಪಟ್ಟಿಯಾಗಿ ಮುಂದಿಟ್ಟಿತು. ಅದು ಪಾಠಾಂತರಗಳ ಅಡಿಟಿಪ್ಪಣಿಯೇ. ಹೀರಾಲಾಲ ಜೈನರು 1939ರಲ್ಲಿ ಮಾಡಿದ್ದೂ ಅದನ್ನೇ ಅಲ್ಲವೇ? ಊಹೆಯನ್ನು ಮೂಲದಲ್ಲಿ ಬೆರೆಸದೆ ಕೆಳಗೆ ಬರೆದರು. ಆದಕಾರಣವೇ ಮುಂದೆ ಓಲೆಯೊಡನೆ ತಾಳೆನೋಡಲು ಸಾಧ್ಯವಾಯಿತು.

ಎರಡನೆಯ ದೃಷ್ಟಾಂತ ಇನ್ನೂ ಬೋಧಪ್ರದ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತದ ಬೆಂಕಿಯಿಂದ ಕರಿಕಾದ ಹರ್ಕ್ಯುಲೇನಿಯಮ್ಮಿನ ಪಪೈರಸ್ ಸುರುಳಿಗಳನ್ನು ಬಿಚ್ಚದೆಯೇ ಕ್ಷಕಿರಣದಿಂದ ಚಿತ್ರಿಸಿ, 2023ರಲ್ಲಿ ಮೊದಲ ಪದವನ್ನು ಓದಲಾಯಿತು. ಇಲ್ಲಿ ಮಸಿಯ ಗುರುತನ್ನು ಕಂಡುಹಿಡಿದುದು ಕೃತಕ ಬುದ್ಧಿಮತ್ತೆಯೇ. ಆದರೆ ಅದನ್ನು ಪಳಗಿಸಿದವರು ಒಂದು ಎಚ್ಚರಿಕೆ ವಹಿಸಿದರು. ಯಂತ್ರಕ್ಕೆ ಒಮ್ಮೆಗೆ ತೋರಿಸುವ ತುಣುಕು ಇಡೀ ಅಕ್ಷರಕ್ಕಿಂತ ಸಣ್ಣದಾಗಿರುವಂತೆ ನೋಡಿಕೊಂಡರು. ಮಸಿ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಅದು ಕಲಿಯಬೇಕು, ಅಕ್ಷರದ ಆಕಾರವನ್ನು ಕಲಿಯಬಾರದು. ಕಲಿತರೆ ಇಲ್ಲದ ಅಕ್ಷರವನ್ನು ಕಟ್ಟಿಕೊಟ್ಟೀತು ಎಂಬುದು ಅವರ ಭಯ. ಓದು ಬಾರದಿರುವಿಕೆಯ ಬೆಲೆಯನ್ನು ಅವರು ಅರಿತಿದ್ದರು. ನಮ್ಮ ಓಲೆಗಳಿಗೆ ಯಂತ್ರಗಳನ್ನು ಪಳಗಿಸುವವರು ಅನುಸರಿಸಬೇಕಾದ ಮಾರ್ಗ ಇದೇ ಎಂದು ನನ್ನ ಅಭಿಪ್ರಾಯ.

ಪ್ರಮಾಣಶಾಸ್ತ್ರದ ಪರಿಭಾಷೆಯಲ್ಲಿ ಈ ಭೇದವನ್ನು ಹೇಳುವುದು ನಮ್ಮವರಿಗೆ ಸುಲಭ. ಛಾಯಾಚಿತ್ರದಿಂದ ಓಲೆಯನ್ನು ನೋಡುವುದು ಕನ್ನಡಕದಿಂದ ನೋಡಿದಂತೆ, ಸಾಂವ್ಯವಹಾರಿಕ ಪ್ರತ್ಯಕ್ಷದ ವಿಸ್ತರಣೆ. ಮಾಣಿಕ್ಯನಂದಿ ಆಚಾರ್ಯರು ಪರೀಕ್ಷಾಮುಖದಲ್ಲಿ ಪರೋಕ್ಷವನ್ನು ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂದು ಐದಾಗಿ ವಿಂಗಡಿಸಿದ್ದಾರೆ. ಯಂತ್ರವು ತುಂಬಿದ ಅಕ್ಷರ ಈ ಎರಡನೆಯ ಕೋಟಿಗೆ ಸೇರತಕ್ಕದ್ದು: ಹಿಂದೆ ಕಂಡುದರ ಸಂಸ್ಕಾರ, ಅದರೊಡನೆ ಸಾದೃಶ್ಯ, ಅಲ್ಲಿಂದ ಅನುಮಾನ. (ಜಡವಾದ ಯಂತ್ರಕ್ಕೆ ಜ್ಞಾನವನ್ನು ಹೇಗೆ ಆರೋಪಿಸುವಿರಿ ಎಂದು ಆಕ್ಷೇಪಿಸುವವರಿಗೆ, ಇದು ಉಪಚಾರದ ಮಾತೆಂದಷ್ಟೇ ಉತ್ತರ.) ಪರೋಕ್ಷವೂ ಪ್ರಮಾಣವೇ, ಅದರಲ್ಲಿ ಸಂದೇಹವಿಲ್ಲ. ಪರೋಕ್ಷವನ್ನು ಪ್ರತ್ಯಕ್ಷವೆಂದು ಮುಂದಿಟ್ಟಾಗ ಮಾತ್ರ ಅದು ಪ್ರಮಾಣಾಭಾಸವಾಗುತ್ತದೆ.

ಈ ವಿಚಾರ ಈಗಲೇ ಇತ್ಯರ್ಥವಾಗಬೇಕಾದ ಕಾರಣವುಂಟು. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ನಿನ ಕಾರ್ಯವನ್ನು ವಿಸ್ತರಿಸಿ, 2025ರ ಕೇಂದ್ರ ಮುಂಗಡಪತ್ರದಲ್ಲಿ ‘ಜ್ಞಾನಭಾರತಂ’ ಎಂಬ ಯೋಜನೆಯನ್ನು ಘೋಷಿಸಲಾಗಿದೆ. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ, ಸಂರಕ್ಷಣೆ ಅದರ ಉದ್ದೇಶ. ಇಷ್ಟು ದೊಡ್ಡ ಪ್ರಮಾಣದಲ್ಲಿ ಕೆಲಸ ನಡೆಯುವಾಗ ಯಂತ್ರದ ನೆರವು ಅನಿವಾರ್ಯ, ಬೇಡವೆನ್ನುವುದು ಅವಿವೇಕ. ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ, ಕಾರ್ಕಳ ಮುಂತಾದ ಭಂಡಾರಗಳ ತಾಡಪತ್ರೀಯ ಗ್ರಂಥಸೂಚಿಯನ್ನು ಸಿದ್ಧಪಡಿಸಿ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟಿಸಿದಾಗ ಒಂದೊಂದು ಕಟ್ಟನ್ನೂ ಬಿಚ್ಚಿ ನೋಡಬೇಕಾಗಿತ್ತು. ಬಿಡಿ ಓಲೆಗಳನ್ನು ಅಕ್ಷರದ ಹೋಲಿಕೆಯಿಂದ ಗುಂಪುಮಾಡುವುದು, ಚದುರಿಹೋದ ಗರಿಗಳನ್ನು ಒಂದೇ ಕಟ್ಟಿಗೆ ಸೇರಿದವೆಂದು ಸೂಚಿಸುವುದು, ಓದಬೇಕಾದ ಕಡೆಗೆ ಕಣ್ಣು ಹೋಗುವಂತೆ ಮಾಡುವುದು ಮುಂತಾದುವನ್ನು ಯಂತ್ರ ಇಂದು ಕೆಲವೇ ಗಂಟೆಗಳಲ್ಲಿ ಮಾಡೀತು. ಅಷ್ಟನ್ನು ಧಾರಾಳವಾಗಿ ಅದರಿಂದ ಪಡೆಯಬೇಕು.

ಮಠಗಳ, ಬಸದಿಗಳ, ಮನೆತನಗಳ ಭಂಡಾರಗಳಲ್ಲಿ ಚಿತ್ರೀಕರಣ ಮಾಡಿಸುವವರಿಗೆ ಕೆಲವು ಸೂಚನೆಗಳನ್ನು ಕೊಡುವುದು ಉಚಿತವೆನಿಸುತ್ತದೆ. ಕ್ಯಾಮರಾ ಅಳೆದ ಮೌಲ್ಯಗಳನ್ನು ತಿದ್ದದೆ ಇಡುವ ಕಚ್ಚಾ ಕಡತವನ್ನು (‘ರಾ’ ಎಂದು ಕರೆಯುವುದು ಇದನ್ನೇ) ಕೇಳಿ ಪಡೆಯಬೇಕು. ಹಿಂದಿನ ನೆಗೆಟಿವಿನ ಸ್ಥಾನ ಈಗ ಅದಕ್ಕಿದೆ. ಚಿತ್ರಗ್ರಾಹಕರು ಸಾಮಾನ್ಯವಾಗಿ ಅದನ್ನು ಅಳಿಸಿ, ಅಂದವಾದ ಕಡತವನ್ನು ಮಾತ್ರ ಕೊಡುತ್ತಾರೆ, ಇದಕ್ಕೆ ಒಪ್ಪಬಾರದು. ಜೆಪೆಗ್ ಕಡತ ಹಂಚಿಕೆಗೆ ಸಾಕು, ಸಂರಕ್ಷಣೆಗೆ ಸಾಲದು. ದೂರವಾಣಿಯ ಕ್ಯಾಮರಾ ಒಂದು ಗುಂಡಿ ಒತ್ತಿದಾಗ ಹಲವು ಚಿತ್ರಗಳನ್ನು ತೆಗೆದು ತಾನೇ ಬೆರೆಸಿ ತಿದ್ದುವುದರಿಂದ, ಗತ್ಯಂತರವಿಲ್ಲದಾಗ ಮಾತ್ರ ಅದನ್ನು ಬಳಸಬೇಕು. ಪ್ರತಿ ಚಿತ್ರದಲ್ಲಿಯೂ ಅಳತೆಪಟ್ಟಿಯೂ ಬಣ್ಣದ ಪಟ್ಟಿಯೂ ಇರಲಿ. ಓಲೆಯ ದಾರದ ರಂಧ್ರಗಳು, ಖಾಲಿ ಅಂಚು, ಗರಿಯ ಸಂಖ್ಯೆ ಚಿತ್ರದೊಳಗೆ ಬರಲಿ. ಅಂದಕ್ಕಾಗಿ ಅಂಚನ್ನು ಕತ್ತರಿಸುವ ಚಪಲ ಕೆಲವರಲ್ಲಿ ಕಂಡುಬರುತ್ತದೆ, ಗರಿಯ ಸಂಖ್ಯೆಯೇ ಅದರಲ್ಲಿ ಹೋಗುತ್ತದೆ. ಎಣ್ಣೆ ಹಚ್ಚಿದ ಕೂಡಲೇ ಚಿತ್ರಿಸಿದರೆ ಹೊಳಪು ಅಕ್ಷರವನ್ನು ನುಂಗುತ್ತದೆ.

ಇನ್ನು ಸಂಪಾದಕರ ಪ್ರತಿಪರಿಚಯದ ವಿಷಯ. ನಾವು ಪ್ರತಿಗಳಿಗೆ ಅ, ಆ, ಕ ಎಂದು ಸಂಕೇತ ಕೊಡುತ್ತೇವೆ. ಯಂತ್ರದಿಂದ ‘ಪುನಃಸ್ಥಾಪಿತ’ವಾದ ಚಿತ್ರವನ್ನು ಬಳಸಿದ್ದರೆ ಅದನ್ನು ಮೂಲದ ಓಲೆಯ ಸಂಕೇತದಲ್ಲಿ ಅಡಗಿಸಬಾರದು. ಮೂಲವು ‘ಅ’ ಆದರೆ ಅದರ ತಿದ್ದದ ಚಿತ್ರವೂ ‘ಅ’. ಯಂತ್ರ ತುಂಬಿದ ಚಿತ್ರವು ‘ಅ’ದಿಂದ ಹುಟ್ಟಿದ ಬೇರೊಂದು ಪ್ರತಿ, ಅದಕ್ಕೆ ‘ಅಯ’ ಎಂಬಂತೆ ಬೇರೆ ಸಂಕೇತ ಸಲ್ಲಬೇಕು. ಯಾವ ಸಾಧನ, ಯಾವ ವರ್ಷದ್ದು, ಯಾವ ಲಿಪಿಯ ಯಾವ ಗ್ರಂಥಗಳಿಂದ ಪಳಗಿದ್ದು ಎಂಬುದನ್ನು ಲಿಪಿಕಾರನ ಹೆಸರು, ಊರು, ಶಕವರ್ಷಗಳನ್ನು ಬರೆಯುವಂತೆ ಬರೆಯಬೇಕು. ನಮ್ಮ ಓಲೆಗಳ ಕೊನೆಯಲ್ಲಿ ಲಿಪಿಕಾರರು, ಕಂಡಂತೆ ಬರೆದೆನು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬಿನ್ನವಿಸಿಕೊಳ್ಳುವ ವಾಡಿಕೆ ಇತ್ತು. ಯಂತ್ರಕ್ಕೆ ಆ ವಾಡಿಕೆ ಇಲ್ಲದಿರುವುದರಿಂದ ಅದರ ಪರವಾಗಿ ಆ ಸಾಲುಗಳನ್ನು ಸಂಪಾದಕನೇ ಬರೆಯಬೇಕಾಗುತ್ತದೆ.